ಬೇಸಿಗೆಯ ದಾರಿ, ಬಿಸಿಯೇರಿದ ಎಂಜಿನ್: ಹಳೆಯ ಕಾರಿನ ಕಿರಿಯ ಒಡೆಯರಿಗೆ ಹಿರಿಯರ ಪತ್ರ

ದೇವಸುಗೂರು, ರಾಯಚೂರು ತಾಲ್ಲೂಕು

ಮನೆಯ ಹಳೆಯ ಕಾರನ್ನು ಮಾರದೆ, ಗುಜರಿಗೆ ಹಾಕದೆ, ಓಡುವ ಸ್ಥಿತಿಯಲ್ಲಿ ಉಳಿಸಿಕೊಳ್ಳಲು ಹೊರಟಿರುವ ಕಿರಿಯರಿಗಾಗಿ ಈ ಪತ್ರ.

ಅಂಬಾಸಿಡರ್, ಪ್ರೀಮಿಯರ್ ಪದ್ಮಿನಿಯಂತಹ ಹಳೆಯ ವಾಹನಗಳನ್ನು ರಾಯಚೂರು, ದೇವದುರ್ಗ, ಮಾನ್ವಿಗಳ ಬೇಸಿಗೆಯಲ್ಲಿ ಓಡಿಸುವವರಿಗೆ ಎಲ್ಲಕ್ಕಿಂತ ಮೊದಲು ಎದುರಾಗುವ ತೊಂದರೆಯೆಂದರೆ ಎಂಜಿನ್ ಮಿತಿಮೀರಿ ಬಿಸಿಯಾಗುವುದು. ‘ಗಾಡಿ ಹೀಟಾಯಿತು’ ಎಂದೊಡನೆ ಸಿಕ್ಕ ನೀರನ್ನು ಸುರಿದು ಮುಂದೆ ಸಾಗುವುದು ರೂಢಿ. ಆದರೆ ಕಾರಣವನ್ನು ಹುಡುಕದೆ ಹೀಗೆ ಮತ್ತೆ ಮತ್ತೆ ಸುರಿದ ಬೋರ್‌ವೆಲ್ ನೀರೇ ಮುಂದಿನ ಸಲದ ತೊಂದರೆಗೆ ದಾರಿ ಮಾಡಿಕೊಡುತ್ತದೆ ಎಂಬುದನ್ನು ಕಿರಿಯರಿಗೆ ಮನಗಾಣಿಸುವುದೇ ಈ ಪತ್ರದ ಮುಖ್ಯ ಉದ್ದೇಶ.

ಪೆಟ್ರೋಲ್ ಎಂಜಿನ್ನಿನಲ್ಲಿ ಉರಿದ ಇಂಧನದ ಶಕ್ತಿಯಲ್ಲಿ ಸುಮಾರು ಕಾಲು ಭಾಗ ಮಾತ್ರ ಚಕ್ರ ತಿರುಗಿಸುವ ಕೆಲಸಕ್ಕೆ ಒದಗುತ್ತದೆ. ಉಳಿದುದರಲ್ಲಿ ಒಂದು ಪಾಲು ಹೊಗೆಯೊಡನೆ ಸೈಲೆನ್ಸರ್ ಮೂಲಕ ಹೋದರೆ, ಇನ್ನೊಂದು ದೊಡ್ಡ ಪಾಲನ್ನು ನೀರು ಹೊತ್ತು ಹೊರಹಾಕಬೇಕಾಗುತ್ತದೆ. ಸಿಲಿಂಡರುಗಳ ಸುತ್ತ ಎರಕದ ಕಬ್ಬಿಣದೊಳಗೆ ಬಿಟ್ಟಿರುವ ಟೊಳ್ಳು ದಾರಿಗಳಲ್ಲಿ, ಅಂದರೆ ವಾಟರ್ ಜಾಕೆಟ್‌ನಲ್ಲಿ, ಹರಿಯುವ ನೀರು ಅಲ್ಲಿನ ಶಾಖವನ್ನು ಹೀರಿಕೊಂಡು ಮೇಲಿನ ಹೋಸ್ ಪೈಪಿನ ಮೂಲಕ ರೇಡಿಯೇಟರಿಗೆ ಬರುತ್ತದೆ, ಅಲ್ಲಿನ ಸಣ್ಣ ಕೊಳವೆಗಳಲ್ಲಿ ಇಳಿಯುವಾಗ ಗಾಳಿಗೆ ಶಾಖವನ್ನು ಬಿಟ್ಟುಕೊಟ್ಟು ತಣಿಯುತ್ತದೆ ಮತ್ತು ವಾಟರ್ ಪಂಪಿನ ಒತ್ತಡದಿಂದ ಮತ್ತೆ ಎಂಜಿನ್ನಿಗೆ ಮರಳುತ್ತದೆ. ಈ ಸುತ್ತಿನ ಯಾವ ಘಟ್ಟದಲ್ಲಿ ತಡೆಯುಂಟಾದರೂ ಪರಿಣಾಮ ಡ್ಯಾಶ್‌ಬೋರ್ಡಿನ ಉಷ್ಣಾಂಶ ತೋರಿಸುವ ಮುಳ್ಳಿನಲ್ಲಿ ಒಂದೇ ಬಗೆಯಾಗಿ ಕಾಣುವುದರಿಂದ, ಮುಳ್ಳು ತೊಂದರೆಯನ್ನು ತಿಳಿಸುತ್ತದೆಯೇ ಹೊರತು ಕಾರಣವನ್ನಲ್ಲ.

ಈ ಸೀಮೆಯ ಹವೆ ಹಳೆಯ ಕಾರಿಗೆ ಏಕೆ ಕಠಿಣವೆಂಬುದನ್ನು ಸರಳ ಲೆಕ್ಕದಿಂದ ತಿಳಿಯಬಹುದು. 2014ರವರೆಗೆ ತಯಾರಾದ ಅಂಬಾಸಿಡರ್ ಕಾರಿನ ಮೂಲ ವಿನ್ಯಾಸ 1950ರ ದಶಕದ ಇಂಗ್ಲೆಂಡಿನ ಮಾರಿಸ್ ಆಕ್ಸ್‌ಫರ್ಡ್ ಕಾರಿನದು. ದಶಕಗಳ ಕಾಲ ಅದರಲ್ಲಿದ್ದ 1489 ಸಿ.ಸಿ. ಎಂಜಿನ್ ಕೂಡ ಅಲ್ಲಿಂದಲೇ ಬಂದದ್ದು. ರೇಡಿಯೇಟರ್ ಹೊರಹಾಕುವ ಶಾಖವು ಒಳಗಿನ ನೀರಿಗೂ ಹೊರಗಿನ ಗಾಳಿಗೂ ಇರುವ ಉಷ್ಣಾಂಶದ ಅಂತರವನ್ನು ಅವಲಂಬಿಸಿರುವುದರಿಂದ, ನೀರು 90 ಡಿಗ್ರಿಯಲ್ಲಿದ್ದಾಗ 20 ಡಿಗ್ರಿಯ ಇಂಗ್ಲೆಂಡಿನ ಗಾಳಿಯಲ್ಲಿ ಆ ಅಂತರ 70 ಡಿಗ್ರಿಯಾದರೆ, 42 ಡಿಗ್ರಿಯ ರಾಯಚೂರಿನ ಮೇ ತಿಂಗಳ ಗಾಳಿಯಲ್ಲಿ ಅದು 48ಕ್ಕೆ ಇಳಿಯುತ್ತದೆ. ಹೀಗಾಗಿ ಅದೇ ರೇಡಿಯೇಟರಿನ ಸಾಮರ್ಥ್ಯ ಇಲ್ಲಿ ಸುಮಾರು ಮೂರರಲ್ಲಿ ಎರಡು ಪಾಲಿನಷ್ಟೇ ಉಳಿಯುತ್ತದೆ. ಬೇರೆಡೆ ನಡೆದುಹೋಗುವ ಸಣ್ಣ ಅಲಕ್ಷ್ಯವೂ ಇಲ್ಲಿ ಗಾಡಿಯನ್ನು ದಾರಿಯಲ್ಲಿ ನಿಲ್ಲಿಸುತ್ತದೆ.

ಈಗ ನೀರಿನ ವಿಚಾರ. ಕ್ಯಾಲ್ಸಿಯಂ, ಮೆಗ್ನೀಸಿಯಂ ಲವಣಗಳು ಹೆಚ್ಚಾಗಿರುವ ಗಡಸು ನೀರು ಬಿಸಿಯಾದಾಗ ಆ ಲವಣಗಳು ಬೇರ್ಪಟ್ಟು, ಬಚ್ಚಲಮನೆಯ ಹಂಡೆಯ ಒಳಮೈಗೆ ಬಿಳಿಯ ಗಾರು ಕಟ್ಟುವಂತೆ, ರೇಡಿಯೇಟರಿನ ಕೊಳವೆಗಳಿಗೂ ವಾಟರ್ ಜಾಕೆಟ್ಟಿನ ಗೋಡೆಗಳಿಗೂ ಅಂಟಿಕೊಳ್ಳುತ್ತವೆ. ಈ ಪದರವು ಶಾಖವನ್ನು ದಾಟಗೊಡದೆ ಕೊಳವೆಯ ಬಾಯನ್ನೂ ಕಿರಿದುಗೊಳಿಸುವುದರಿಂದ, ನೀರು ತುಂಬಿದ್ದರೂ ಎಂಜಿನ್ ತಣಿಯುವುದಿಲ್ಲ. ದೇವಸುಗೂರಿನ ನೆರೆಯ ಶಕ್ತಿನಗರದಲ್ಲಿ 1985ರಿಂದ ವಿದ್ಯುತ್ ಉತ್ಪಾದಿಸುತ್ತಿರುವ ರಾಯಚೂರು ಶಾಖೋತ್ಪನ್ನ ಕೇಂದ್ರವು ಈ ವಿಷಯದಲ್ಲಿ ಕಣ್ಣೆದುರಿಗಿರುವ ಪಾಠ: ಕೃಷ್ಣಾ ಹೊಳೆ ಪಕ್ಕದಲ್ಲೇ ಹರಿಯುತ್ತಿದ್ದರೂ, ಇಂತಹ ಸ್ಥಾವರಗಳ ಬಾಯ್ಲರಿಗೆ ನೀರನ್ನು ಲವಣಮುಕ್ತಗೊಳಿಸಿದ ಮೇಲೆಯೇ ಬಿಡಲಾಗುತ್ತದೆ, ಏಕೆಂದರೆ ಕೊಳವೆಗೆ ಗಾರು ಕಟ್ಟಿದರೆ ಅದು ಕಾದು ಒಡೆಯುತ್ತದೆ. ಹಳೆಯ ಕಾರಿಗೂ ಡಿಸ್ಟಿಲ್ಡ್ ವಾಟರ್ ಮತ್ತು ತಕ್ಕ ಪ್ರಮಾಣದ ಕೂಲೆಂಟ್, ಅಂದರೆ ತುಕ್ಕನ್ನು ತಡೆದು ಕುದಿಯುವ ಬಿಂದುವನ್ನು ಮೇಲೇರಿಸುವ ದ್ರವವನ್ನು ತುಂಬುವುದೇ ಸರಿಯಾದ ಕ್ರಮ. ಈಗಾಗಲೇ ಗಾರು ಕಟ್ಟಿದ್ದರೆ ನಿರಾಶೆ ಬೇಡ. ಹಳೆಯ ರೇಡಿಯೇಟರುಗಳು ತಾಮ್ರ ಮತ್ತು ಹಿತ್ತಾಳೆಯವಾದ್ದರಿಂದ, ನುರಿತ ಮಿಸ್ತ್ರಿ ಮೇಲಿನ ಟ್ಯಾಂಕಿನ ಬೆಸುಗೆ ಬಿಚ್ಚಿ, ಕೊಳವೆಗಳಲ್ಲಿ ತೆಳುವಾದ ಪಟ್ಟಿಯನ್ನು ಆಡಿಸಿ ಶುಚಿಗೊಳಿಸಿ, ಮತ್ತೆ ಬೆಸೆದು ಕೊಡಬಲ್ಲನು.

ನೀರಿನಷ್ಟೇ ಗಾಳಿಯೂ ಮುಖ್ಯ. ಹತ್ತಿಯ ಎಳೆ, ಸುಗ್ಗಿಯ ಕಾಲದಲ್ಲಿ ಮಾನ್ವಿಯ ಕಡೆಯ ರಸ್ತೆಗಳಲ್ಲಿ ಹಾರಾಡುವ ಭತ್ತದ ಹೊಟ್ಟು, ಲಾರಿಗಳಿಂದ ಉದುರುವ ಶಾಖೋತ್ಪನ್ನ ಕೇಂದ್ರದ ಹಾರುಬೂದಿ, ಇವೆಲ್ಲ ರೇಡಿಯೇಟರಿನ ತೆಳುವಾದ ರೆಕ್ಕೆಗಳ ನಡುವೆ ಸಿಕ್ಕಿಕೊಂಡು ಗಾಳಿಯ ದಾರಿಯನ್ನು ಮುಚ್ಚುತ್ತವೆ. ಎಂಜಿನ್ ತಣ್ಣಗಿರುವಾಗ, ಒಳಗಿನಿಂದ ಹೊರಮುಖವಾಗಿ ಮೆದುವಾಗಿ ನೀರು ಹಾಯಿಸಿ ಇವನ್ನು ತೆಗೆಯಬೇಕು. ಒತ್ತಡ ಹೆಚ್ಚಾದರೆ ರೆಕ್ಕೆಗಳು ಮಡಚಿಕೊಳ್ಳುತ್ತವೆ.

ತೊಂದರೆ ಯಾವಾಗ ಕಾಣಿಸುತ್ತದೆ ಎಂಬುದೇ ಅದರ ಮೂಲವನ್ನು ಹೇಳುತ್ತದೆ. ನಿಂತಾಗ ಅಥವಾ ಕೃಷ್ಣಾ ಸೇತುವೆಯ ಮೇಲೆ ವಾಹನಗಳ ಸಾಲಿನಲ್ಲಿ ತೆವಳುವಾಗ ಮಾತ್ರ ಕಾವು ಏರಿ, ಓಡತೊಡಗಿದೊಡನೆ ಇಳಿದರೆ ಫ್ಯಾನಿನ ಕಡೆ ನೋಡಬೇಕು. ಹೆದ್ದಾರಿಯ ವೇಗದಲ್ಲಿ ಏರಿದರೆ ಕಟ್ಟಿಕೊಂಡ ರೇಡಿಯೇಟರನ್ನೋ, ಮೆತ್ತಗಾಗಿ ಒಳಕ್ಕೆ ಕುಸಿಯುತ್ತಿರುವ ಕೆಳಗಿನ ಹೋಸ್ ಪೈಪನ್ನೋ ಶಂಕಿಸಬೇಕು. ಮುಳ್ಳು ಏರುವುದರ ಜೊತೆಗೆ ಇಗ್ನಿಷನ್ನಿನ ಕೆಂಪು ದೀಪವೂ ಹೊತ್ತಿಕೊಂಡರೆ ಫ್ಯಾನ್ ಬೆಲ್ಟ್ ಹರಿದಿರುವ ಸಂಭವ ಹೆಚ್ಚು, ಏಕೆಂದರೆ ಈ ಕಾರುಗಳಲ್ಲಿ ಡೈನಮೊ, ವಾಟರ್ ಪಂಪು, ಫ್ಯಾನುಗಳನ್ನು ಒಂದೇ ಬೆಲ್ಟ್ ತಿರುಗಿಸುತ್ತದೆ. ಹೊರಗೆಲ್ಲೂ ಸೋರಿಕೆಯಿಲ್ಲದೆ ನೀರು ಕಡಿಮೆಯಾಗುತ್ತಿದ್ದು, ಆಯಿಲ್ ಹಾಲಿನಂತೆ ಬಿಳಿಚಿಕೊಂಡಿದ್ದರೆ ಸಿಲಿಂಡರ್ ಬ್ಲಾಕಿಗೂ ಹೆಡ್ಡಿಗೂ ನಡುವಿನ ಗ್ಯಾಸ್ಕೆಟ್ ಹೋಗಿರಬಹುದಾದ್ದರಿಂದ, ಅಂತಹ ಗಾಡಿಯನ್ನು ಓಡಿಸಲೇಬಾರದು. ಇವೆಲ್ಲ ಸರಿಯಿದ್ದಾಗ ಇಗ್ನಿಷನ್ ಟೈಮಿಂಗನ್ನು, ಎಂದರೆ ಕಿಡಿ ಹೊತ್ತುವ ಕ್ಷಣವನ್ನು, ಪರೀಕ್ಷಿಸಬೇಕು. ಕಿಡಿ ತಡವಾದರೂ ಎಂಜಿನ್ ವೃಥಾ ಬಿಸಿಯಾಗುತ್ತದೆ.

ಥರ್ಮೋಸ್ಟಾಟ್ ಎಂಬುದು ನೀರು ತಕ್ಕಷ್ಟು ಬಿಸಿಯಾಗುವವರೆಗೆ ರೇಡಿಯೇಟರಿನ ದಾರಿಯನ್ನು ಮುಚ್ಚಿರುವ ಕವಾಟ. ಬಿಸಿಲು ನಾಡಿನಲ್ಲಿ ಅದು ಬೇಡವೆಂದು ಕಿತ್ತುಹಾಕುವ ಅಭ್ಯಾಸ ಒಳ್ಳೆಯದಲ್ಲ: ಎಂಜಿನ್ ತನ್ನ ಹದಕ್ಕೆ ಬರಲು ತಡವಾಗಿ ಸಿಲಿಂಡರುಗಳು ಸವೆಯುತ್ತವೆ, ಆಯಿಲ್ ಕೆಡುತ್ತದೆ. ಪಾತ್ರೆಯಲ್ಲಿ ನೀರು ಕಾಯಿಸಿ ಅದರಲ್ಲಿ ಥರ್ಮೋಸ್ಟಾಟನ್ನು ಮುಳುಗಿಸಿದರೆ ಅದು ತೆರೆಯುತ್ತದೆಯೋ ಇಲ್ಲವೋ ಮನೆಯಲ್ಲೇ ತಿಳಿಯುತ್ತದೆ. ತೆರೆಯದಿದ್ದರೆ ಹೊಸದನ್ನು ಹಾಕಿಸಬೇಕು.

ದಾರಿಯಲ್ಲಿ ಮುಳ್ಳು ಮಿತಿ ಮುಟ್ಟಿದಾಗ ಗಾಡಿಯನ್ನು ಬದಿಗೆ ತಂದು ಎಂಜಿನ್ ನಿಲ್ಲಿಸಿ, ಉಗಿ ಚಿಮ್ಮುತ್ತಿಲ್ಲವೆಂದು ಖಚಿತಪಡಿಸಿಕೊಂಡು ಬಾನೆಟ್ ಎತ್ತಿ, ಕನಿಷ್ಠ ಅರ್ಧ ಗಂಟೆ ಕಾಯಬೇಕು. ರೇಡಿಯೇಟರಿನ ಮುಚ್ಚಳವು ಒತ್ತಡವನ್ನು ಹಿಡಿದಿಡುವ ಸಾಧನ. 7 ಪೌಂಡ್ ಒತ್ತಡದ ಮುಚ್ಚಳದಡಿಯಲ್ಲಿ ನೀರು ಸುಮಾರು 110 ಡಿಗ್ರಿಯವರೆಗೂ ಕುದಿಯದೆ ಇರಬಲ್ಲದು. ಆ ಸ್ಥಿತಿಯಲ್ಲಿ ಮುಚ್ಚಳ ತಿರುಗಿಸಿದರೆ ಒತ್ತಡ ಇಳಿದು ನೀರು ಕ್ಷಣದಲ್ಲಿ ಉಗಿಯಾಗಿ ಮುಖಕ್ಕೂ ಕೈಗೂ ಎರಚುತ್ತದೆ. ಅವಸರಪಟ್ಟು ಸುಟ್ಟುಕೊಂಡವರಿಗೆ ತಕ್ಷಣ ತಣ್ಣೀರನ್ನು ಇಪ್ಪತ್ತು ನಿಮಿಷ ಹರಿಸಿ ಆಸ್ಪತ್ರೆಗೆ ಕರೆದೊಯ್ಯಬೇಕು. ಕಾದ ಎರಕದ ಕಬ್ಬಿಣಕ್ಕೆ ತಣ್ಣೀರು ಸುರಿದರೆ ಬ್ಲಾಕ್ ಸೀಳಬಹುದಾದ್ದರಿಂದ, ತಣಿದ ಮೇಲೆಯೂ ನೀರನ್ನು ಸ್ವಲ್ಪಸ್ವಲ್ಪವಾಗಿಯೇ ತುಂಬಬೇಕು.

ಮುಳ್ಳು ಮಿತಿಯೊಳಗೇ ಇದ್ದು ಗಾಡಿ ಕೆಮ್ಮಿ ನಿಂತರೆ ಅದು ಬೇರೆ ದೋಷ: ಪೆಟ್ರೋಲ್ ಪೈಪಿನೊಳಗೇ ಆವಿಯಾಗಿ ಹರಿವನ್ನು ತಡೆದಿರಬಹುದು. ಕಾರಿನ ಪೆಟ್ರೋಲ್ ಪಂಪಿನ ಮೇಲೆ ಒದ್ದೆ ಬಟ್ಟೆ ಹಾಕುವ ಹಳೆಯ ಚಾಲಕರ ಉಪಾಯ ಇದಕ್ಕೆ ಸಲ್ಲುತ್ತದೆ. ಎಥನಾಲ್ ಬೆರೆತ ಈಗಿನ ಪೆಟ್ರೋಲಿಗೆ ಹಳೆಯ ರಬ್ಬರ್ ಪೈಪುಗಳು ತಾಳದೆ ಹೋಗಬಹುದಾದ್ದರಿಂದ, ಅವುಗಳನ್ನು ಬದಲಿಸಿಕೊಳ್ಳುವುದು ಬೆಂಕಿಯ ಅಪಾಯವನ್ನೂ ತಪ್ಪಿಸುತ್ತದೆ.

ಹಳೆಯ ಕಾರನ್ನು ಕಾಪಾಡುವುದೆಂದರೆ ಅದನ್ನು ಮಾಡಿದವರ ಕೌಶಲವನ್ನೂ ದುರಸ್ತಿಯನ್ನೇ ಬದುಕಾಗಿಸಿಕೊಂಡ ಮಿಸ್ತ್ರಿಗಳ ವಿದ್ಯೆಯನ್ನೂ ಮುಂದಿನ ತಲೆಮಾರಿಗೆ ದಾಟಿಸುವುದು. ಆದುದರಿಂದ ಕಿರಿಯರು ಬೇಸಿಗೆ ಹುಟ್ಟುವ ಮೊದಲೇ, ಶಿವರಾತ್ರಿಯ ಹೊತ್ತಿಗೆ, ರೇಡಿಯೇಟರ್ ಶುಚಿಗೊಳಿಸಿ, ಬೆಲ್ಟ್, ಹೋಸ್ ಪೈಪು, ಮುಚ್ಚಳಗಳನ್ನು ಪರೀಕ್ಷಿಸಿ, ಒಳ್ಳೆಯ ನೀರು ಮತ್ತು ಕೂಲೆಂಟನ್ನು ತುಂಬಿಸಿಕೊಳ್ಳಲಿ. ದಾರಿಯಲ್ಲಿ ಕೆಟ್ಟರೆ ಗಾಡಿಗಿಂತ ಕೈಕಣ್ಣು ದೊಡ್ಡವೆಂದು ತಿಳಿದು ತಾಳ್ಮೆಯಿಂದ ಕಾಯಲಿ.

ಶುಭವನ್ನು ಕೋರುವ,
ಹಿರಿಯ ಹಿತೈಷಿ