ಡಿಜಿಟಲ್ ಸಹಿ ಮತ್ತು ತೆರಿಗೆದಾರನ ಹೊಣೆ

ಹುಣಸೂರು, ಪಿರಿಯಾಪಟ್ಟಣ, ಕೃಷ್ಣರಾಜನಗರ ಹಾಗೂ ಹೆಗ್ಗಡದೇವನಕೋಟೆಯ ರೈತರಿಗೆ ಡಿಜಿಟಲ್ ಸಹಿಯ ಪರಿಚಯ ಮೊದಲು ಆದದ್ದು ಪಹಣಿಯಿಂದ. 'ಭೂಮಿ' ಯೋಜನೆಯಡಿ ಕೈಬರಹದ ಪಹಣಿಯ ಸ್ಥಾನದಲ್ಲಿ ಗಣಕಯಂತ್ರದ ಪಹಣಿ ಬಂದಿತು. ಆದರೆ ಅದರ ಮೇಲಿನ ಸಹಿ ಸರ್ಕಾರದ ಕಡೆಯದು. ರೈತನ ವ್ಯವಸಾಯದ ಆದಾಯಕ್ಕೆ ಕೇಂದ್ರದ ಆದಾಯ ತೆರಿಗೆಯೂ ಇಲ್ಲ. ಅದೇ ರೈತನ ಮಗ ಕಂಪನಿಯೊಂದನ್ನು ಸ್ಥಾಪಿಸಿ ನಿರ್ದೇಶಕನಾದನೆಂದರೆ, ಕಂಪನಿಯ ಆದಾಯ ತೆರಿಗೆ ವಿವರಪಟ್ಟಿಗೆ ಅವನು ತನ್ನದೇ ಡಿಜಿಟಲ್ ಸಹಿ ಹಾಕಬೇಕಾಗುತ್ತದೆ.

ಈ ಸಹಿಯನ್ನು ತೆರಿಗೆ ಇಲಾಖೆಯೇ ಕೊಡುತ್ತದೆಂಬ ಭಾವನೆ ಉಂಟು, ಅದು ಸರಿಯಲ್ಲ. 2000ನೆಯ ಇಸವಿಯ ಅಕ್ಟೋಬರ್ 17ರಂದು ಜಾರಿಗೆ ಬಂದ ಮಾಹಿತಿ ತಂತ್ರಜ್ಞಾನ ಅಧಿನಿಯಮವು ಇದಕ್ಕೆ ಕಾನೂನಿನ ಮಾನ್ಯತೆ ನೀಡಿತು. ಕೇಂದ್ರ ಸರ್ಕಾರವು ನೇಮಿಸಿದ ನಿಯಂತ್ರಕರಿಂದ ಪರವಾನಗಿ ಪಡೆದ ಸಂಸ್ಥೆಗಳು ಅರ್ಜಿದಾರನ ಗುರುತನ್ನು ಪರಿಶೀಲಿಸಿ ಪ್ರಮಾಣಪತ್ರ ಕೊಡುತ್ತವೆ. ಬೆಂಗಳೂರಿನ ಇ-ಮುದ್ರಾ ಅಂಥ ಸಂಸ್ಥೆಗಳಲ್ಲೊಂದು. ಹಾಗೆ ಪಡೆದ ಸಹಿಯನ್ನು ತೆರಿಗೆದಾರನು ಇಲಾಖೆಯ ಜಾಲತಾಣದಲ್ಲಿ ನೋಂದಾಯಿಸಬೇಕು.

ಕಾಗದದ ಸಹಿಯ ಚಿತ್ರವನ್ನು ತೆಗೆದು ಅಂಟಿಸಿದರೆ ಅದು ಡಿಜಿಟಲ್ ಸಹಿಯಾಗದು. ಇಲ್ಲಿ ಎರಡು ಕೀಲಿಗಳಿವೆ: ಒಂದು ಗುಪ್ತ, ಒಂದು ಬಹಿರಂಗ. ಗಣಕಯಂತ್ರವು ಮೊದಲು ಇಡೀ ದಾಖಲೆಯಿಂದ ಒಂದು ಸಂಕ್ಷಿಪ್ತ ಸಂಖ್ಯೆಯನ್ನು ಪಡೆಯುತ್ತದೆ. ಬಳಿಕ ಅದಕ್ಕೆ ಗುಪ್ತ ಕೀಲಿಯಿಂದ ಮುದ್ರೆಯೊತ್ತುತ್ತದೆ. ಬಹಿರಂಗ ಕೀಲಿಯಿಂದ ಯಾರಾದರೂ ಆ ಮುದ್ರೆಯನ್ನು ಪರೀಕ್ಷಿಸಬಹುದು. ದಾಖಲೆಯಲ್ಲಿ ಬಳಿಕ ಒಂದು ಅಂಕಿ ಬದಲಾದರೂ ಪರೀಕ್ಷೆ ವಿಫಲವಾಗುತ್ತದೆ.

ಆದರೆ ಮುದ್ರೆಯೊತ್ತಿದವರು ಯಾರೆಂಬುದನ್ನು ಯಂತ್ರವು ಅರಿಯದು. ಕೀಲಿ ಯಾರದೆಂಬುದಷ್ಟೇ ಅದಕ್ಕೆ ಗೊತ್ತು. ಗುಪ್ತ ಕೀಲಿಯುಳ್ಳ ಪುಟ್ಟ ಟೋಕನ್ನನ್ನೂ ಅದರ ಗುಪ್ತಸಂಖ್ಯೆಯನ್ನೂ ಲೆಕ್ಕಪತ್ರ ಬರೆಯುವವರ ಬಳಿಯೇ ವರ್ಷಗಟ್ಟಲೆ ಬಿಡುವ ರೂಢಿ ಅಪಾಯಕರವಾಗುವುದು ಇಲ್ಲಿಯೇ. ಅಧಿನಿಯಮದ 42ನೆಯ ಕಲಮಿನಂತೆ ಕೀಲಿಯನ್ನು ಕಾಪಾಡುವ ಹೊಣೆ ಸಹಿದಾರನದೇ. ಅದು ಪರರ ಪಾಲಾದರೆ ಪ್ರಮಾಣಪತ್ರ ಕೊಟ್ಟ ಸಂಸ್ಥೆಗೆ ತಡಮಾಡದೆ ತಿಳಿಸಬೇಕು; ತಿಳಿಸುವವರೆಗಿನ ಬಾಧ್ಯತೆಯೂ ಅವನದೇ.

ಲೆಕ್ಕಪರಿಶೋಧನೆಗೆ ಒಳಪಡದ ಸಾಮಾನ್ಯ ವೇತನದಾರನಿಗೆ ಈ ಟೋಕನ್ ಬೇಕಿಲ್ಲ. ಆಧಾರ್‌ಗೆ ಜೋಡಿಸಿದ ದೂರವಾಣಿಗೆ ಬರುವ ಒಮ್ಮೆ ಬಳಕೆಯ ಸಂಖ್ಯೆಯಿಂದಲೇ ವಿವರಪಟ್ಟಿಯನ್ನು ದೃಢೀಕರಿಸಬಹುದು. ಆ ಸಂಖ್ಯೆಗೂ ಇದೇ ಎಚ್ಚರ ಸಲ್ಲುತ್ತದೆ.

ಹೆಬ್ಬೆಟ್ಟು ಒತ್ತುತ್ತಿದ್ದ ನಮ್ಮ ಹಿರಿಯರು ಬೆರಳನ್ನು ಯಾರ ಮನೆಯಲ್ಲಿಯೂ ಬಿಟ್ಟು ಬರಲಿಲ್ಲ. ಓದು ಬಲ್ಲ ನಾವು ಸಹಿಯನ್ನು ಬಿಟ್ಟು ಬರುವುದು ತರವೇ? ಮಕ್ಕಳಿಗೆ ಸಹಿ ಮಾಡಲು ಕಲಿಸುವ ಉಪಾಧ್ಯಾಯರು ಅದನ್ನು ಕಾಯುವುದನ್ನೂ, ಓದದೆ ಸಹಿ ಮಾಡದಿರುವುದನ್ನೂ ಕಲಿಸಿದರೆ ಪಾಠ ಪೂರ್ಣವಾದೀತು.