ಕೈದೀಪದ ಬಲ್ಬು: ಆಯ್ಕೆ ಮತ್ತು ಮಿತವ್ಯಯ

ಊರೂರಿಗೆ ವಿದ್ಯುದ್ದೀಪಗಳು ಬಂದ ಮೇಲೂ ರೈತನ ಮನೆಯಲ್ಲಿ ಕೈದೀಪದ ಸ್ಥಾನ ಕುಂದಿಲ್ಲ. ಪಂಪುಸೆಟ್ಟಿಗೆ ಮೂರು ಫೇಸಿನ ವಿದ್ಯುತ್ತು ಅನೇಕ ಕಡೆ ರಾತ್ರಿಯ ಹೊತ್ತಿನಲ್ಲಿ ದೊರೆಯುವುದರಿಂದ, ನೀರು ಹಾಯಿಸಲು ಕತ್ತಲಲ್ಲಿ ಬದುವಿನ ಮೇಲೆ ನಡೆಯುವವನಿಗೆ ಕಾಲ ಬಳಿಯ ಹಾವು ಕಾಣುವುದು ಈ ಪುಟ್ಟ ಬೆಳಕಿನಿಂದಲೇ. ಹಿತ್ತಾಳೆಯ ಗಟ್ಟಿ ಕವಚದ ಹಳೆಯ ಟಾರ್ಚುಗಳು ಇಂದಿಗೂ ಕೆಲವು ಮನೆಗಳಲ್ಲಿವೆ. ಬಲ್ಬು ಸುಟ್ಟಿತೆಂದು ಅವು ಮೂಲೆ ಸೇರುವುದೂ, ಕೈಗೆ ಸಿಕ್ಕ ಬಲ್ಬನ್ನು ತೊಡಿಸಿಕೊಂಡು ಮಂಕಾಗಿ ಉರಿಯುವುದೂ ತರವಲ್ಲ. ತಕ್ಕ ಬಲ್ಬನ್ನು ಮಿತವಾದ ವೆಚ್ಚದಲ್ಲಿ ಪಡೆಯುವ ಬಗೆಯನ್ನು ವಿದ್ಯಾರ್ಥಿಗಳು ತಾವು ಓದಿದ ವಿಜ್ಞಾನಪಾಠದ ನೆರವಿನಿಂದಲೇ ತಿಳಿಯಬಹುದು.

ಬಲ್ಬು ನಿಜವಾಗಿಯೂ ಸುಟ್ಟಿದೆಯೇ ಎಂಬುದನ್ನು ಮೊದಲು ಪರೀಕ್ಷಿಸತಕ್ಕದ್ದು. ಅನೇಕ ವೇಳೆ ದೋಷವಿರುವುದು ಕಿಲುಬು ಹಿಡಿದ ಸ್ಪ್ರಿಂಗಿನಲ್ಲಿ, ಇಲ್ಲವೆ ಸೋರಿದ ಸೆಲ್ಲಿನಲ್ಲಿ. ಬಲ್ಬಿನ ಕೊರಳಿಗೆ ಒಂದು ತಂತಿಯನ್ನು ಸುತ್ತಿ, ಅದರ ಮತ್ತೊಂದು ತುದಿಯನ್ನು ಸೆಲ್ಲಿನ ತಳಕ್ಕೆ ಒತ್ತಿ ಹಿಡಿದು, ಬಲ್ಬಿನ ಬುಡದಲ್ಲಿರುವ ಬೆಸುಗೆಯ ಬಿಂದುವನ್ನು ಸೆಲ್ಲಿನ ಲೋಹದ ಟೊಪ್ಪಿಗೆಗೆ ತಾಗಿಸಬೇಕು. ಎರಡು ಸೆಲ್ಲಿನ ಬಲ್ಬು ಒಂದೇ ಸೆಲ್ಲಿನಿಂದ ಕೆಂಪಗಾದರೂ ಬೆಳಗುವುದು. ಅಂಗಡಿಯಲ್ಲಿ ಹಣ ಕೊಡುವ ಮುನ್ನವೂ ಇದೇ ಪರೀಕ್ಷೆ ಸಾಕು.

ಇನ್ನು ಬಲ್ಬಿನ ಲೋಹದ ಕೊರಳನ್ನು ಗಮನಿಸೋಣ. ಅದರ ಮೇಲೆ ಅತಿ ಸಣ್ಣದಾಗಿ 2.5 ವೋಲ್ಟ್, 0.3 ಆಂಪಿಯರ್ ಎಂಬಂತೆ ಎರಡು ಸಂಖ್ಯೆಗಳನ್ನು ಒತ್ತಿರುತ್ತಾರೆ. ಕೊಳ್ಳುವವನು ನೋಡಬೇಕಾದುದು ಹೊಳಪನ್ನಲ್ಲ, ಈ ಸಂಖ್ಯೆಗಳನ್ನು. ಒಂದು ಶುಷ್ಕಕೋಶದ ವಿಭವ 1.5 ವೋಲ್ಟ್; ಎರಡು ಸೇರಿದರೆ 3 ವೋಲ್ಟ್. ಹಾಗಿದ್ದರೆ ಬಲ್ಬು 2.5 ವೋಲ್ಟಿನದೇಕೆ? ಪ್ರವಾಹ ಹರಿಯತೊಡಗಿದೊಡನೆ ಕೋಶದ ಆಂತರಿಕ ರೋಧವು ವಿಭವದ ಒಂದಂಶವನ್ನು ನುಂಗಿಬಿಡುತ್ತದೆ. ಉಳಿದುದಕ್ಕೆ ಸರಿಹೊಂದುವಂತೆ ಬಲ್ಬನ್ನು ರಚಿಸಿರುತ್ತಾರೆ. ಮೂರು ಸೆಲ್ಲಿಗೆ 3.5 ಅಥವಾ 3.8 ವೋಲ್ಟಿನದು, ನಾಲ್ಕಕ್ಕೆ 4.8 ವೋಲ್ಟಿನದು ಒಪ್ಪುತ್ತದೆ.

ತಿರುಪು ಕೂಡಿದ ಮಾತ್ರಕ್ಕೆ ಬಲ್ಬು ಒಪ್ಪಿತೆಂದು ತಿಳಿಯಬಾರದು. ಸೈಕಲ್ಲಿನ ಡೈನಮೋ ದೀಪದ ಬಲ್ಬಿಗೂ ಟಾರ್ಚಿನ ತಿರುಪು ಬಲ್ಬಿಗೂ ಸಾಮಾನ್ಯವಾಗಿ 10 ಮಿಲಿಮೀಟರಿನ ಒಂದೇ ತಿರುಪು. ಆದರೆ ಡೈನಮೋ ಬಲ್ಬು 6 ವೋಲ್ಟಿನದು. ಎರಡು ಸೆಲ್ಲಿನ ಟಾರ್ಚಿನಲ್ಲಿ ಅದು ಕೆಂಡದಂತೆ ಕೆಂಪಾಗುವುದೇ ಹೊರತು ದಾರಿ ತೋರದು. ಇದಕ್ಕೆ ವಿರುದ್ಧವಾಗಿ 2.5 ವೋಲ್ಟಿನ ಬಲ್ಬನ್ನು ನಾಲ್ಕು ಸೆಲ್ಲಿಗೆ ಹಾಕಿದರೆ ಕ್ಷಣದಲ್ಲಿ ಸುಟ್ಟುಹೋದೀತು. ವಿಭವವು ನಿಯತ ಪ್ರಮಾಣಕ್ಕಿಂತ ನೂರಕ್ಕೆ ಹತ್ತರಷ್ಟು ಏರಿದರೆ ಬೆಳಕು ಮೂರನೆಯ ಒಂದು ಭಾಗಕ್ಕಿಂತ ತುಸು ಹೆಚ್ಚಾಗುತ್ತದೆ; ಟಂಗ್‌ಸ್ಟನ್ ತಂತುವಿನ ಆಯುಷ್ಯವಾದರೋ ಸುಮಾರು ಮೂರನೆಯ ಒಂದು ಭಾಗಕ್ಕೆ ಇಳಿಯುತ್ತದೆ. ಬೆಳ್ಳಗೆ ಉರಿಯುತ್ತದೆಂದು ವ್ಯಾಪಾರಿ ಹೊಗಳುವ ಅಗ್ಗದ ಬಲ್ಬಿನ ಗುಟ್ಟು ಎಷ್ಟೋ ವೇಳೆ ಇಷ್ಟೇ!

ಬಲ್ಬಿನ ಬೆಲೆಯನ್ನೇ ಲೆಕ್ಕ ಹಾಕುವವರು ಸೆಲ್ಲುಗಳನ್ನು ಮರೆಯುತ್ತಾರೆ. ಬಲ್ಬು ಸುಡುವುದು ಅಪರೂಪ. ಸೆಲ್ಲು ಸವೆಯುವುದು ನಿತ್ಯದ ಖರ್ಚು. 0.5 ಆಂಪಿಯರಿನ ಬಲ್ಬು ಹೆಚ್ಚು ಬೆಳಗುವುದು ನಿಜ. ಆದರೆ ಅದೇ ಸೆಲ್ಲುಗಳು 0.3 ಆಂಪಿಯರಿನ ಬಲ್ಬಿಗೆ ಒಂದೂವರೆ ಪಟ್ಟಿಗೂ ಹೆಚ್ಚು ಕಾಲ ಬರುತ್ತವೆ. ಬದುವಿನ ಮೇಲೆ ನಡೆಯಲು 0.3 ಆಂಪಿಯರಿನದೇ ಸಾಕೆಂಬುದು ನನ್ನ ಅಭಿಪ್ರಾಯ. ಹೊಲದ ಆಚೆಯ ಅಂಚಿನಲ್ಲಿ ಹಂದಿಯನ್ನು ಗುರುತಿಸಬೇಕಾದ ಕಾವಲುಗಾರನ ಮಾತು ಬೇರೆ.

ಎಲ್‌ಇಡಿ ಟಾರ್ಚುಗಳು ಹಬ್ಬಿದ ಬಳಿಕ ತಂತುವಿನ ಬಲ್ಬುಗಳು ಸಣ್ಣ ಅಂಗಡಿಗಳಲ್ಲಿ ವಿರಳವಾಗಿವೆ. ಶಾಲೆಗಳಿಗೆ ಪ್ರಯೋಗಸಾಮಗ್ರಿ ಮಾರುವ ಅಂಗಡಿಗಳಲ್ಲಿ ವಿಚಾರಿಸುವುದು ಒಳಿತು. ವಿದ್ಯುನ್ಮಂಡಲದ ಪಾಠಕ್ಕೆ ಬಳಸುವ 2.5 ವೋಲ್ಟಿನ ತಿರುಪು ಬಲ್ಬು ಟಾರ್ಚಿನದೇ ಆಗಿದೆ. ನಾಲ್ಕಾರು ಮನೆಯವರು ಕೂಡಿ ಡಜನ್ನಿನ ಲೆಕ್ಕದಲ್ಲಿ ತರಿಸಿದರೆ ಬಿಡಿ ಬೆಲೆಗಿಂತ ಅಗ್ಗವಾಗುವುದು. ತಿರುಪಿಲ್ಲದೆ ಅಂಚುಪಟ್ಟಿಯಿರುವ ಬಲ್ಬನ್ನು ಬೇಡುವ ಟಾರ್ಚುಗಳೂ ಉಂಟು. ಆದುದರಿಂದ ಸುಟ್ಟ ಬಲ್ಬನ್ನು ಎಸೆಯದೆ ಮಾದರಿಗೆಂದು ಜೊತೆಯಲ್ಲಿ ಒಯ್ಯಬೇಕು.

ಹಳೆಯ ಟಾರ್ಚಿಗೆ ತೊಡಿಸಬಹುದಾದ ಎಲ್‌ಇಡಿ ಬಲ್ಬುಗಳೂ ದೊರೆಯುತ್ತವೆ. ಅವುಗಳ ಬೆಲೆ ಹೆಚ್ಚು, ಆದರೆ ಅಷ್ಟೇ ಬೆಳಕಿಗೆ ಬೇಕಾಗುವ ವಿದ್ಯುತ್ತು ಬಹಳ ಕಡಿಮೆ. ಪ್ರತಿ ರಾತ್ರಿ ಹೊಲಕ್ಕೆ ಹೋಗುವವನಿಗೆ ಸೆಲ್ಲಿನ ಉಳಿತಾಯದಲ್ಲಿ ಆ ಬೆಲೆ ಮರಳುವುದು. ಎಂದೋ ಒಮ್ಮೆ ಟಾರ್ಚು ಹಿಡಿಯುವವನಿಗೆ ತಂತುವಿನದೇ ಲೇಸು. ಸೆಲ್ಲುಗಳೆಲ್ಲವನ್ನೂ ತಲೆಕೆಳಗಾಗಿ ಹಾಕಿದರೂ ತಂತುವಿನ ಬಲ್ಬು ಉರಿಯುತ್ತದೆ, ಆದರೆ ಎಷ್ಟೋ ಎಲ್‌ಇಡಿ ಬಲ್ಬುಗಳು ಉರಿಯವು. ಹೊಸ ಬಲ್ಬು ಕೆಟ್ಟಿದೆಯೆಂದು ಹಿಂದಿರುಗಿಸುವ ಮೊದಲು ಸೆಲ್ಲುಗಳ ದಿಕ್ಕನ್ನು ನೋಡಿಕೊಳ್ಳಬೇಕು.

ಹಳೆಯ ಟಾರ್ಚುಗಳಲ್ಲಿ ಕೆಲವಕ್ಕೆ ತಳದ ಮುಚ್ಚಳದೊಳಗೆ ಬಿಡಿ ಬಲ್ಬೊಂದನ್ನು ಇರಿಸಲು ಪುಟ್ಟ ಗೂಡಿರುತ್ತದೆ. ತುಸು ಹತ್ತಿಯಲ್ಲಿ ಸುತ್ತಿಟ್ಟರೆ ಬಲ್ಬು ಅಲುಗದೆ ಅಲ್ಲಿಯೇ ನಿಲ್ಲುವುದು.