ಕಂಡದ್ದೆಲ್ಲ ಮುಟ್ಟತಕ್ಕದ್ದಲ್ಲ: ಜಾವಾ ಕಂಪೈಲರಿನ ಒಂದು ಪಾಠ

ನಮ್ಮ ಹಳೆಯ ವಿದ್ಯಾರ್ಥಿನಿಯರಲ್ಲಿ ಕೆಲವರು ಈಗ ಕಂಪ್ಯೂಟರ್ ವಿದ್ಯೆಯನ್ನು ಅಭ್ಯಸಿಸುತ್ತಿರುವದರಿಂದ, ಅದರ ಒಂದು ಚಿಕ್ಕ ವಿಷಯವನ್ನು ಹೆತ್ತವರಿಗೂ ತಿಳಿಯುವಂತೆ ಇಲ್ಲಿ ವಿವರಿಸುವೆವು.

ಜಾವಾ ಭಾಷೆಯನ್ನು ಸನ್ ಮೈಕ್ರೋಸಿಸ್ಟಮ್ಸ್ ಸಂಸ್ಥೆಯು 1995ರಲ್ಲಿ ಪ್ರಕಟಿಸಿತು. ಇದರಲ್ಲಿ ಬರೆದ ಪ್ರೋಗ್ರಾಮು ಕ್ಲಾಸುಗಳೆಂಬ ಭಾಗಗಳಿಂದ ಕೂಡಿರುವದು. ಒಂದು ಕ್ಲಾಸು ಇನ್ನೊಂದರ ಹೆಸರನ್ನೆತ್ತಿದಾಗ, ಬರಹವನ್ನು ಪರೀಕ್ಷಿಸುವ ಕಂಪೈಲರು ಎರಡು ಪ್ರಶ್ನೆಗಳನ್ನು ಕೇಳುವದು: ಅದು ಎಲ್ಲಿರುವದು? ಅದನ್ನು ಬಳಸಲು ಅಪ್ಪಣೆಯುಂಟೋ?

ಮೊದಲನೆಯದಕ್ಕೆ ಉತ್ತರ ಕೊಡುವದು ಕ್ಲಾಸ್‌ಪಾತ್. ಅಂದರೆ ಹುಡುಕತಕ್ಕ ಸ್ಥಳಗಳ ಪಟ್ಟಿ. ಪುಸ್ತಕಾಲಯದ ಕಪಾಟುಗಳನ್ನು ಸಾಲಾಗಿ ನೋಡುವಂತೆ ಕಂಪೈಲರು ಈ ಸ್ಥಳಗಳನ್ನು ಕ್ರಮವಾಗಿ ನೋಡಿ, ಸಾಮಾನ್ಯವಾಗಿ ಮೊದಲು ಸಿಕ್ಕಿದ್ದನ್ನೇ ತೆಗೆದುಕೊಳ್ಳುವದು. ಆದಕಾರಣ ಹಳೆಯ ಪ್ರತಿಯು ಮೊದಲ ಕಪಾಟಿನಲ್ಲಿದ್ದರೆ, ಕೊನೆಯದರಲ್ಲಿರುವ ಹೊಸ ಪ್ರತಿಯು ಕೈಗೆ ಬಾರದು.

ಎರಡನೆಯದಕ್ಕೆ ಉತ್ತರವನ್ನು ಬರೆದವರೇ ಗುರುತಿಸಿರುವರು. ಪಬ್ಲಿಕ್ ಎಂದರೆ ಹೊರಗಿನವರಿಗೂ ತೆರೆದದ್ದು. ಪ್ರೈವೇಟ್ ಎಂದರೆ ಆ ಕ್ಲಾಸಿನೊಳಗೆ ಮಾತ್ರ. ಯಾವ ಗುರುತೂ ಇಲ್ಲದ್ದು ಅದೇ ಪ್ಯಾಕೇಜಿನವರಿಗೆ. ಪ್ರೊಟೆಕ್ಟೆಡ್ ಎಂಬುದು ಪ್ಯಾಕೇಜಿನವರಿಗೂ ಅದರಿಂದ ಹುಟ್ಟಿದ ಕ್ಲಾಸುಗಳಿಗೂ. 2017ರಲ್ಲಿ ಬಂದ ಜಾವಾ 9ರಿಂದ ಮಾಡ್ಯೂಲೆಂಬ ಹೊರಗೋಡೆಯೂ ಸೇರಿತು. ಮಾಡ್ಯೂಲು ತನ್ನ ಪ್ಯಾಕೇಜನ್ನು ಹೊರಕ್ಕೆ ತೆರೆಯದಿದ್ದರೆ, ಪಬ್ಲಿಕ್ ಎಂಬ ಗುರುತೊಂದೇ ಹೊರಗಿನವರಿಗೆ ಸಾಲದು.

ಎಕ್ಲಿಪ್ಸ್ ಎಂಬ ಉಪಕರಣವು 2005ರಲ್ಲಿ ಮತ್ತೊಂದು ಏರ್ಪಾಡನ್ನು ಮಾಡಿತು. ಕ್ಲಾಸ್‌ಪಾತಿನ ಪ್ರತಿಯೊಂದು ಸ್ಥಳಕ್ಕೂ ನಿಯಮಗಳನ್ನು ಲಗತ್ತಿಸಿ, ಅಲ್ಲಿನ ಕ್ಲಾಸುಗಳನ್ನು ಬಳಸಬಹುದೆಂದೋ, ಬಳಸದಿರುವದು ಲೇಸೆಂದೋ, ಬಳಸಲೇ ಕೂಡದೆಂದೋ ಹೇಳಬಹುದು. ನಿಯಮಗಳಲ್ಲಿ ಮೊದಲು ಹೊಂದಿದ್ದೇ ತೀರ್ಪು. ಸಾಮಾನ್ಯ ಏರ್ಪಾಡಿನಲ್ಲಿ ಎರಡನೆಯ ತರಹಕ್ಕೆ ಎಚ್ಚರಿಕೆಯೂ ಮೂರನೆಯದಕ್ಕೆ ತಪ್ಪೆಂಬ ವರದಿಯೂ ಬರುವದು.

ಹೊಸದಾಗಿ ಕಲಿಯುವವರು ಈ ಎರಡು ಪ್ರಶ್ನೆಗಳನ್ನು ಬೆರೆಸಿ ಕಷ್ಟಕ್ಕೊಳಗಾಗುವರು. "ಸಿಕ್ಕಲಿಲ್ಲ" ಎಂದು ಕಂಪೈಲರು ಹೇಳಿದರೆ ಹೆಸರನ್ನೂ ಪಟ್ಟಿಯನ್ನೂ ನೋಡತಕ್ಕದ್ದು. "ಅಪ್ಪಣೆಯಿಲ್ಲ" ಎಂದರೆ ವಸ್ತು ಸಿಕ್ಕಿದೆಯೆಂದೇ ಅರ್ಥ. ಪಟ್ಟಿಗೆ ಮತ್ತೆಷ್ಟು ಸ್ಥಳಗಳನ್ನು ಸೇರಿಸಿದರೂ ಫಲವಿಲ್ಲ. ಆಗ ಅವಸರಪಟ್ಟು ಪ್ರೈವೇಟ್ ಎಂಬುದನ್ನು ಪಬ್ಲಿಕ್ ಎಂದು ತಿದ್ದಿದರೆ, ಕೆಲಸವು ಆ ಹೊತ್ತಿಗೆ ಸಾಗೀತು. ಆದರೆ ಮುಂದೆ ಅದನ್ನು ಬದಲಿಸಹೊರಟಾಗ, ಅದನ್ನು ನಂಬಿದ ಪರರ ಪ್ರೋಗ್ರಾಮುಗಳೆಲ್ಲ ಕೆಡುವವು.

ಆದದರಿಂದ ಕಂಪೈಲರಿನ ಮಾತನ್ನು ಮೊದಲು ಪೂರ್ತಿಯಾಗಿ ಓದಿರಿ. ಅದು ದಾರಿ ಕಾಣದೆ ನಿಂತಿದೆಯೋ, ಬಾಗಿಲಲ್ಲಿ ತಡೆಯಲ್ಪಟ್ಟಿದೆಯೋ ತಿಳಿದುಕೊಳ್ಳಿರಿ. ಬಳಿಕ ತಿದ್ದುವದಕ್ಕೆ ಕೈಹಾಕಿರಿ.